ಕೋಳಿಮನೆಯಲ್ಲಿ ಅರಳಿದ ಕಲೆ

ಕಲಾವಿದರಾಗುವವರು ಬಾಲ್ಯದಲ್ಲಿಯೇ ಬೆಳಕಿಗೆ ಬರಬೇಕು ಎಂಬುದು ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯ. ಬೆಳೆಯುವ ಪೈರು ಮೊಳಕೆಯಲ್ಲಿ ಎಂಬ ಗಾದೆಯನ್ನು ಅದಕ್ಕೆ ಸಾಕ್ಷಿಯಾಗಿ ಹೇಳುವುದೂ ಉಂಟು. ಈ ಮಾತು ಎಷ್ಟೋ ಜನರ ವಿಷಯದಲ್ಲಿ ನಿಜವಾಗಿದ್ದರೂ ಇರಬಹುದು. ಆದರೆ ಎಲ್ಲ ಪೈರೂ ಒಂದೇ ಹದಕ್ಕೆ ಬೆಳೆಯುವುದಿಲ್ಲ. ಮಕ್ಕಳನ್ನು ಹೆತ್ತು, ಸಾಕಿ, ಮಗಳ ಮದುವೆಯನ್ನೂ ಮಾಡಿ ಮುಗಿಸಿದ ಗೃಹಿಣಿಯೊಬ್ಬಳು ತನ್ನ 48ನೆಯ ವಯಸ್ಸಿನಲ್ಲಿ ಮೊತ್ತಮೊದಲ ಬಾರಿಗೆ ಸ್ವಂತದ ಕ್ಯಾಮೆರಾವನ್ನು ಕೈಗೆತ್ತಿಕೊಂಡು, ಹನ್ನೆರಡು ವರ್ಷಗಳೊಳಗೆ ಛಾಯಾಚಿತ್ರ ಕಲೆಯ ಇತಿಹಾಸದಲ್ಲಿ ಅಳಿಸಲಾಗದ ಹೆಸರನ್ನು ಗಳಿಸಿದಳು ಎಂದರೆ ಯಾರಿಗಾದರೂ ಆಶ್ಚರ್ಯವಾಗದೆ ಇರದು. ಆಕೆಯೇ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಕ್ಯಾಮೆರಾ ಹಿಡಿದದ್ದರಿಂದ ಬಂದ ಹೆಸರಲ್ಲ ಅದು. ಗಂಡನ ಮನೆತನದ ಹೆಸರು.

ನಾನು ಛಾಯಾಗ್ರಹಣವನ್ನು ಶಾಸ್ತ್ರೋಕ್ತವಾಗಿ ಕಲಿತವನಲ್ಲ. ಬಿ. ಎ. ತರಗತಿಯ ಚರಿತ್ರೆಯ ವಿದ್ಯಾರ್ಥಿ. ಕಾಗದ, ಬಣ್ಣ, ಅಂಟು, ಕತ್ತರಿಗಳನ್ನು ಹರಡಿಕೊಂಡು ಕುಳಿತರೆ ಊಟದ ಹೊತ್ತು ಮರೆಯುವ ಸ್ವಭಾವ ಮಾತ್ರ ಚಿಕ್ಕಂದಿನಿಂದಲೂ ಇದೆ. ಹೀಗಿರುವಾಗ ಒಂದು ದಿನ ಗ್ರಂಥಭಂಡಾರದಲ್ಲಿ ಹಳೆಯ ವಿಜ್ಞಾನಿಗಳ ಚಿತ್ರಗಳಿದ್ದ ಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಜಾನ್ ಹರ್ಷೆಲನ ಭಾವಚಿತ್ರ ಕಣ್ಣಿಗೆ ಬಿತ್ತು. ಕಪ್ಪು ಹಿನ್ನೆಲೆಯೊಳಗಿನಿಂದ ತೇಲಿಬಂದಂತಿದ್ದ ಒಂದು ವೃದ್ಧ ಮುಖ. ಕೆದರಿದ ಬಿಳಿಯ ಕೂದಲು. ನಮ್ಮನ್ನು ದಾಟಿ ಎಲ್ಲಿಗೋ ನೋಡುತ್ತಿರುವ ಕಣ್ಣುಗಳು. ಅದರ ಅಂಚು ಅಸ್ಪಷ್ಟವಾಗಿತ್ತು. ಆದರೂ ಆ ಪುಸ್ತಕದ ಉಳಿದ ಸ್ಪಷ್ಟವಾದ ಚಿತ್ರಗಳಲ್ಲೆಲ್ಲ ಇಲ್ಲದ ಜೀವ ಅದೊಂದರಲ್ಲಿತ್ತು. ಅದನ್ನು ತೆಗೆದವಳ ಜೀವನವನ್ನು ತಿಳಿಯಬೇಕೆಂಬ ಕುತೂಹಲ ಅಂದಿನಿಂದ ಮೊದಲಾಯಿತು. ಓದಿ ತಿಳಿದದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಜೂಲಿಯಾ ಹುಟ್ಟಿದ್ದು ನಮ್ಮ ದೇಶದಲ್ಲಿ. 1815ನೆಯ ಇಸವಿ ಜೂನ್ 11ರಂದು, ಕಲ್ಕತ್ತೆಯ ಗಾರ್ಡನ್ ರೀಚ್ ಎಂಬಲ್ಲಿ. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವಳು. ಬೆಳೆದುನಿಂತ ಅಕ್ಕತಂಗಿಯರು ಏಳು ಮಂದಿ. ಉಳಿದವರೆಲ್ಲ ಚೆಲುವೆಯರೆಂದು ಹೆಸರಾದವರು. ಜೂಲಿಯಾ ಮಾತ್ರ ರೂಪವತಿಯಲ್ಲವೆಂದು ಅಂದಿನವರ ಎಣಿಕೆ. ಮುಂದೆ ಮನುಷ್ಯರ ಮುಖದಲ್ಲಿ ಸೌಂದರ್ಯವನ್ನು ಹುಡುಕುವುದನ್ನೇ ತಪಸ್ಸನ್ನಾಗಿ ಮಾಡಿಕೊಂಡವಳು ಈಕೆಯೇ ಎಂಬುದನ್ನು ನೆನೆದರೆ ವಿಧಿಯ ಆಟ ಸೋಜಿಗವೆನಿಸುತ್ತದೆ. ವಿದ್ಯಾಭ್ಯಾಸ ಬಹುಮಟ್ಟಿಗೆ ಫ್ರಾನ್ಸಿನಲ್ಲಿ ನಡೆಯಿತು. 1834ರಲ್ಲಿ ಕಲ್ಕತ್ತೆಗೆ ಹಿಂದಿರುಗಿದಳು.

ಸ್ವಲ್ಪ ಕಾಲದಲ್ಲಿಯೇ ಆರೋಗ್ಯ ಕೆಟ್ಟು ಹವೆ ಬದಲಾವಣೆಗಾಗಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತಕ್ಕೆ ಹೋಗಬೇಕಾಯಿತು. ಅಲ್ಲಿ ಆಕೆಯ ಬಾಳನ್ನು ರೂಪಿಸಿದ ಇಬ್ಬರ ಪರಿಚಯವಾಯಿತು. ಒಬ್ಬನು ಮೇಲೆ ಹೇಳಿದ ಹರ್ಷೆಲ್. ದಕ್ಷಿಣ ಗೋಲಾರ್ಧದ ನಕ್ಷತ್ರಗಳನ್ನು ಪರಿಶೀಲಿಸಲು ಅಲ್ಲಿಗೆ ಬಂದಿದ್ದ ಖಗೋಳ ವಿಜ್ಞಾನಿ. ಮತ್ತೊಬ್ಬನು ಚಾರ್ಲ್ಸ್ ಹೇ ಕ್ಯಾಮೆರಾನ್. ಈತನು ನ್ಯಾಯಶಾಸ್ತ್ರ ಪಂಡಿತ. ಜೂಲಿಯಾಳಿಗಿಂತ ಇಪ್ಪತ್ತು ವರ್ಷ ಹಿರಿಯ. 1838ರಲ್ಲಿ ಕಲ್ಕತ್ತೆಯಲ್ಲಿ ಇವರಿಬ್ಬರ ವಿವಾಹವಾಯಿತು. ಮೆಕಾಲೆಯ ಜೊತೆಗೆ ಕಾನೂನು ಆಯೋಗದಲ್ಲಿದ್ದು ಭಾರತೀಯ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದವರಲ್ಲಿ ಈ ಚಾರ್ಲ್ಸನೂ ಒಬ್ಬ. 1860ರಲ್ಲಿ ಶಾಸನವಾದ ಆ ಸಂಹಿತೆ 2024ರ ಜುಲೈ 1ರಂದು ಹೊಸದಕ್ಕೆ ಎಡೆಗೊಡುವವರೆಗೆ ನಮ್ಮ ನ್ಯಾಯಾಲಯಗಳಲ್ಲಿ ನಡೆದುಬಂತು. ಗಂಡನ ಕೈಬರಹ ಒಂದು ದೇಶದ ಕಾನೂನಾಗಿ ಉಳಿಯಿತು. ಹೆಂಡತಿಯ ಕೈಕೆಲಸ ಗಾಜಿನ ಮೇಲೆ ಉಳಿಯಿತು. ಯಾವುದು ಹೆಚ್ಚು ಕಾಲ ಬಾಳಿತೆಂಬುದನ್ನು ವಾಚಕರೇ ನಿರ್ಣಯಿಸಬಹುದು.

1839ರಲ್ಲಿ ಯೂರೋಪಿನಲ್ಲಿ ಛಾಯಾಗ್ರಹಣದ ಆವಿಷ್ಕಾರ ಪ್ರಕಟವಾಯಿತು. ಆ ವಿದ್ಯೆಯ ಇಂಗ್ಲಿಷ್ ಹೆಸರನ್ನು ಬಳಕೆಗೆ ತಂದವರಲ್ಲಿ ಹರ್ಷೆಲ್ ಪ್ರಮುಖ. ಚಿತ್ರವು ಬೆಳಕಿಗೆ ಮತ್ತೆ ಕಪ್ಪಾಗದಂತೆ ಹೈಪೋ ಎಂಬ ಲವಣದಿಂದ ಭದ್ರಪಡಿಸುವ ಉಪಾಯವನ್ನು ಕಂಡುಹಿಡಿದವನೂ ಅವನೇ. ಈ ಹೊಸ ವಿದ್ಯೆಯ ಸುದ್ದಿಯನ್ನೂ, ಅನಂತರ ಕೆಲವು ಮಾದರಿ ಚಿತ್ರಗಳನ್ನೂ ಅವನು ಕಲ್ಕತ್ತೆಯಲ್ಲಿದ್ದ ಗೆಳತಿಗೆ ಕಳುಹಿಸಿದನು. ಬೀಜ ಅಂದು ಬಿತ್ತು. ಮೊಳಕೆಯೊಡೆಯಲು ಇಪ್ಪತ್ತು ವರ್ಷ ಹಿಡಿಯಿತು.

1848ರಲ್ಲಿ ಚಾರ್ಲ್ಸ್ ನಿವೃತ್ತನಾದ ಮೇಲೆ ಸಂಸಾರ ಇಂಗ್ಲೆಂಡಿಗೆ ಹೋಯಿತು. 1860ರಲ್ಲಿ ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬ ಹಳ್ಳಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳನ್ನು ಕೊಂಡು, ನಡುವೆ ಒಂದು ಗೋಪುರ ಕಟ್ಟಿಸಿ ಒಂದು ಮಾಡಿದರು. ಸಿಂಹಳದಲ್ಲಿ ತಮಗಿದ್ದ ಕಾಫಿ ತೋಟದ ನೆನಪಿಗಾಗಿ ಮನೆಗೆ ಡಿಂಬೋಲಾ ಎಂದು ಹೆಸರಿಟ್ಟರು. ನೆರೆಮನೆಯವನು ಆ ಕಾಲದ ರಾಜಕವಿ ಟೆನಿಸನ್. ಮನೆ ಸದಾ ತುಂಬಿದ್ದ ಮನೆ. ಸ್ವಂತ ಮಕ್ಕಳು ಆರು ಮಂದಿ. ಜೊತೆಗೆ ಅನಾಥರಾದ ನಂಟರ ಮಕ್ಕಳು. ಅದೂ ಸಾಲದೆಂಬಂತೆ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಮೇರಿ ರಯನ್ ಎಂಬ ಐರಿಷ್ ಹುಡುಗಿ. ಯಾರಿಗೆ ಏನು ಕೊಡಬೇಕೆನಿಸಿದರೂ ಕೊಟ್ಟೇ ತೀರುವ ಸ್ವಭಾವ ಜೂಲಿಯಾಳದು. ಅದನ್ನು ಪಡೆದವರು ಬೇಡವೆಂದರೂ ಬಿಡುತ್ತಿರಲಿಲ್ಲವಂತೆ.

1863ರ ಡಿಸೆಂಬರಿನಲ್ಲಿ ಗಂಡ ಸಿಂಹಳದ ತೋಟಗಳ ಉಸ್ತುವಾರಿಗೆ ಹೋಗಿದ್ದನು. ಗಂಡುಮಕ್ಕಳೂ ದೂರವಿದ್ದರು. ಅಮ್ಮನಿಗೆ ಬೇಸರ ಕಳೆಯಲು ಏನಾದರೂ ಬೇಕೆಂದು ಯೋಚಿಸಿ ಮಗಳೂ ಅಳಿಯನೂ ಮರದ ಪೆಟ್ಟಿಗೆಯ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಕಾಲಕ್ಷೇಪಕ್ಕಾಗಿ ಬಂದದ್ದು ಜೀವನವನ್ನೇ ಆವರಿಸಿತು. ಕಲ್ಲಿದ್ದಲು ಇಡುತ್ತಿದ್ದ ಕೊಠಡಿ ಕತ್ತಲೆ ಕೋಣೆಯಾಯಿತು. ಅಂಗಳದ ಕೋಳಿಮನೆಗೆ ಗಾಜಿನ ಹೊದಿಕೆ ಹಾಕಿಸಿ ಅದನ್ನು ಚಿತ್ರ ತೆಗೆಯುವ ಶಾಲೆಯನ್ನಾಗಿ ಮಾಡಿದಳು. ಕೋಳಿಗಳಿಗೆ ಬಿಡುಗಡೆಯಾಯಿತು, ಹುಡುಗರಿಗೆ ಬಿಸಿಬಿಸಿ ಮೊಟ್ಟೆ ತಪ್ಪಿತು. ಮೊದಲು ಕೋಳಿಗಳು ಕೂಗುತ್ತಿದ್ದ ಆ ಜಾಗಕ್ಕೆ ಕವಿಗಳೂ ಚಿತ್ರಕಾರರೂ ವಿಜ್ಞಾನಿಗಳೂ ಬಂದು ಕುಳಿತರು.

ಇಂದು ಚಿತ್ರ ತೆಗೆಯುವುದೆಂದರೆ ಜೇಬಿನಿಂದ ಫೋನನ್ನು ತೆಗೆದು ಬೆರಳಿನಿಂದ ಒತ್ತುವಷ್ಟೇ ಕೆಲಸ. ಅಂದಿನ ಕಷ್ಟವನ್ನು ಅರಿತಲ್ಲದೆ ಆಕೆಯ ಸಾಧನೆಯ ಬೆಲೆ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಸ್ವಲ್ಪ ವಿವರಿಸುತ್ತೇನೆ. ಆಗ ರೂಢಿಯಲ್ಲಿದ್ದದ್ದು 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಫಲಕದ ಕ್ರಮ. ಮೊದಲು ಗಾಜಿನ ಹಲಗೆಯನ್ನು ಒಂದು ಚೂರೂ ಧೂಳಿಲ್ಲದಂತೆ ಒರೆಸಬೇಕು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟಾದ ದ್ರವವನ್ನು ಹೊಯ್ದು, ಹಲಗೆಯನ್ನು ಅತ್ತ ಇತ್ತ ಓಲಾಡಿಸಿ, ನಾಲ್ಕು ಮೂಲೆಗೂ ಸಮನಾಗಿ ಹರಡುವಂತೆ ಮಾಡಬೇಕು. ದೋಸೆಯ ಹಿಟ್ಟನ್ನು ಕಾವಲಿಯ ಮೇಲೆ ಹುಯ್ದಂತಲ್ಲ. ಇಲ್ಲಿ ಸೌಟನ್ನು ತಾಗಿಸುವ ಹಾಗಿಲ್ಲ. ಅನಂತರ ಕತ್ತಲೆ ಕೋಣೆಯಲ್ಲಿ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಬೇಕು. ಫಲಕ ಒಣಗುವುದರೊಳಗೆ ಓಡಿಬಂದು ಕ್ಯಾಮೆರಾದಲ್ಲಿಟ್ಟು, ಮಸೂರದ ಮುಚ್ಚಳ ತೆಗೆದು, ಚಿತ್ರ ಹಿಡಿದು, ಪುನಃ ಕತ್ತಲೆ ಕೋಣೆಗೆ ಓಡಿ, ಅದನ್ನು ಬೆಳಗಿಸಿ, ಭದ್ರಪಡಿಸಿ, ತೊಳೆದು, ಕಾಯಿಸಿ, ವಾರ್ನಿಷ್ ಬಳಿಯಬೇಕು. ಒಂದು ಹಂತ ಕೆಟ್ಟರೆ ಎಲ್ಲವೂ ಕೆಟ್ಟಿತು. ಆಮೇಲೆ ಮೊಟ್ಟೆಯ ಬಿಳಿಯ ಲೋಳೆ ಬಳಿದ ಕಾಗದಕ್ಕೆ ಬೆಳ್ಳಿಯ ಲವಣವನ್ನು ಹಿಡಿಸಿ, ಗಾಜಿನ ಫಲಕದ ಕೆಳಗಿಟ್ಟು, ಬಿಸಿಲಿನಲ್ಲಿ ಅಚ್ಚು ಮೂಡಿಸಬೇಕು. ಅದನ್ನು ಮತ್ತೆ ತೊಳೆಯಬೇಕು. ಡಿಂಬೋಲಾದಲ್ಲಿ ನಲ್ಲಿಯಿರಲಿಲ್ಲ, ಬಾವಿಯ ನೀರನ್ನು ಹೊತ್ತು ತಂದು ಎಷ್ಟೋ ಸಲ ಬದಲಾಯಿಸಿ ತೊಳೆಯಬೇಕಾಗಿತ್ತು.

ಇಷ್ಟೆಲ್ಲವನ್ನೂ ಕಲಿಸಿಕೊಡುವ ಗುರುವನ್ನು ಆಕೆ ಹುಡುಕಿಕೊಂಡು ಕೂರಲಿಲ್ಲ. ಮಾಡಿ ನೋಡಿ, ಕೆಡಿಸಿ ನೋಡಿ ಕಲಿತಳು. ಊರಿನ ರೈತನೊಬ್ಬನಿಗೆ ಕೂಲಿ ಕೊಟ್ಟು ಕೂರಿಸಿಕೊಂಡು ಮೊದಲ ಚಿತ್ರ ತೆಗೆದಾಗ, ಸಂತೋಷದ ಭರದಲ್ಲಿ ಫಲಕದ ಹಸಿ ಮುಖದ ಮೇಲೆ ತನ್ನ ಕೈಯನ್ನೇ ಸವರಿ ಚಿತ್ರವನ್ನು ಅಳಿಸಿಬಿಟ್ಟಳು. ಕೈಬೆರಳುಗಳು ಬೆಳ್ಳಿಯ ಲವಣದಿಂದ ಕಪ್ಪಾದವು. ಮನೆಯ ಮೇಜಿನ ಬಟ್ಟೆಗಳಿಗೆಲ್ಲ ಕಲೆ ಹತ್ತಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಆಕೆಗೆ ತಿಳಿದಿದ್ದರೆ ಮೆಚ್ಚುತ್ತಿದ್ದಳೋ ಏನೋ. 1864ರ ಜನವರಿಯಲ್ಲಿ ಆನಿ ಫಿಲ್‌ಪಾಟ್ ಎಂಬ ಪುಟ್ಟ ಹುಡುಗಿಯ ಚಿತ್ರ ಕೊನೆಗೂ ಸರಿಯಾಗಿ ಮೂಡಿತು. ಆನಂದದಿಂದ ಮನೆಯನ್ನೆಲ್ಲ ಸುತ್ತಾಡಿ, ಅಂದೇ ಅಚ್ಚು ತೆಗೆದು, ಚೌಕಟ್ಟು ಹಾಕಿಸಿ, ಮಗುವಿನ ತಂದೆಗೆ ಕಾಣಿಕೆಯಾಗಿ ಕೊಟ್ಟಳು. ಆ ಮಗುವೇ ತನಗೆ ಚಿತ್ರವನ್ನು ದಯಪಾಲಿಸಿದಳೆಂದು ಆಕೆಯ ಭಾವನೆ.

ಈ ಆನಂದವೆಂತಹದೆಂದು ತಿಳಿಯುವ ಆಸೆಯಿಂದ ನಾನೂ ನನ್ನ ಇಬ್ಬರು ಸ್ನೇಹಿತರೂ ಕಳೆದ ಬೇಸಗೆಯಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿದೆವು. ಒದ್ದೆ ಫಲಕದ ಕ್ರಮ ನಮ್ಮ ಶಕ್ತಿಗೆ ಮೀರಿದ್ದು. ಆದರೆ 1842ರಲ್ಲಿ ಹರ್ಷೆಲನೇ ಕಂಡುಹಿಡಿದ ನೀಲಿ ಅಚ್ಚಿನ ಕ್ರಮವು ಸುಲಭವಾದದ್ದು. ಇಂಜಿನಿಯರುಗಳ ನಕ್ಷೆಗಳನ್ನು ಬಹುಕಾಲ ಇದೇ ಕ್ರಮದಿಂದ ಪ್ರತಿ ತೆಗೆಯುತ್ತಿದ್ದರು. ಯಾವುದೇ ಯೋಜನೆಗೂ ನೀಲಿ ನಕ್ಷೆ ಎಂದು ನಾವು ಇಂದಿಗೂ ಹೇಳುವುದು ಅದರಿಂದಲೇ. ಕಬ್ಬಿಣದ ಎರಡು ಲವಣಗಳನ್ನು ನೀರಿನಲ್ಲಿ ಬೆರೆಸಿ, ಮಂದ ಬೆಳಕಿನಲ್ಲಿ ಡ್ರಾಯಿಂಗ್ ಕಾಗದಕ್ಕೆ ಬಳಿದು ಒಣಗಿಸಿದೆವು. ಅದರ ಮೇಲೆ ಹುಣಿಸೆಯ ಎಲೆ, ಜರಿಗಿಡದ ಗರಿ, ಅಜ್ಜಿಯ ಹಳೆಯ ಕಸೂತಿಯ ತುಂಡು ಇವುಗಳನ್ನಿಟ್ಟು, ಗಾಜು ಮುಚ್ಚಿ, ಮಾಳಿಗೆಯ ಬಿಸಿಲಿನಲ್ಲಿ ಇಟ್ಟೆವು. ಹಸಿರು ಬೆರೆತ ಹಳದಿಯಿದ್ದ ಕಾಗದ ನೋಡುನೋಡುತ್ತ ಬೂದಿಯ ಬಣ್ಣಕ್ಕೆ ತಿರುಗಿತು. ಬಕೆಟ್ಟಿನ ನೀರಿನಲ್ಲಿ ಅದ್ದಿದೊಡನೆ ಹಳದಿ ಬಿಟ್ಟುಹೋಗಿ ಗಾಢವಾದ ನೀಲಿಯ ನಡುವೆ ಹುಣಿಸೆಯ ಒಂದೊಂದು ಚಿಗುರೆಲೆಯೂ ಬೆಳ್ಳಗೆ ಎದ್ದು ನಿಂತಿತು. ಮೂವರೂ ಮಾತಿಲ್ಲದೆ ನೋಡಿದೆವು. ಹನ್ನೆರಡು ಕಾಗದಗಳಲ್ಲಿ ಒಂದರಂತೆ ಮತ್ತೊಂದಿರಲಿಲ್ಲ. ಒಂದರಲ್ಲಿ ಕುಂಚದ ಗೆರೆ, ಇನ್ನೊಂದರಲ್ಲಿ ನೀರಿನ ತೊಟ್ಟಿನ ಗುರುತು. ಯಂತ್ರ ಮಾಡಿದ್ದು ಒಂದೇ ತೆರನಾಗಿರುತ್ತದೆ. ಕೈ ಮಾಡಿದ್ದು ಪ್ರತಿಸಲವೂ ಬೇರೆಯಾಗುತ್ತದೆ. ಕೈಕೆಲಸದ ಸುಖವಿರುವುದು ಆ ಬೇರೆತನದಲ್ಲಿಯೇ ಎಂದು ನನಗೆ ತೋರುತ್ತದೆ.

ಜೂಲಿಯಾಳ ಮೇಲೆ ಬಂದ ಆಕ್ಷೇಪಣೆಯೂ ಈ ವಿಷಯಕ್ಕೇ ಸಂಬಂಧಿಸಿದ್ದು. 1864ರಲ್ಲಿಯೇ ಆಕೆ ಲಂಡನ್ನಿನ ಛಾಯಾಚಿತ್ರ ಸಂಘದ ಸದಸ್ಯೆಯಾದಳು. ಆದರೆ ಸಂಘದ ಪತ್ರಿಕೆಯು ಆಕೆಯ ಚಿತ್ರಗಳನ್ನು ಕಟುವಾಗಿ ಟೀಕಿಸಿತು. ಫೋಕಸ್ ಸರಿಯಿಲ್ಲ, ಫಲಕದಲ್ಲಿ ಗೀರುಗಳಿವೆ, ಧೂಳಿದೆ, ಬೆರಳಿನ ಗುರುತಿದೆ, ಮಾಡಲು ಬಾರದವರ ಕೆಲಸವಿದು ಎಂಬುದು ವೃತ್ತಿಗಾರರ ತೀರ್ಪು. ಅವರ ಮಾತಿನಲ್ಲಿ ಸತ್ಯಾಂಶವಿರಲಿಲ್ಲವೆಂದು ನಾನು ಹೇಳಲಾರೆ. ಗೀರುಗಳು ಇದ್ದುವು, ಧೂಳೂ ಇತ್ತು. ಆದರೆ ಫೋಕಸಿನ ವಿಷಯ ಬೇರೆ. ಮಿಕ್ಕವರು ಅಂಗಿಯ ಗುಂಡಿ, ಕುರ್ಚಿಯ ಕಾಲು ಎಲ್ಲವೂ ಹರಿತವಾಗಿ ಕಾಣುವವರೆಗೆ ಮಸೂರವನ್ನು ತಿರುಗಿಸುತ್ತಿದ್ದರು. ಈಕೆಯು ಕಣ್ಣಿಗೆ ಅಂದವಾಗಿ ಕಂಡ ಕಡೆ ನಿಲ್ಲಿಸಿಬಿಡುತ್ತಿದ್ದಳು. ಮುಖವನ್ನು ತೀರ ಹತ್ತಿರದಿಂದ, ಫಲಕ ತುಂಬುವಷ್ಟು ದೊಡ್ಡದಾಗಿ ಹಿಡಿಯುತ್ತಿದ್ದಳು. ಬೆಳಕನ್ನು ಒಂದೇ ಕಡೆಯಿಂದ ಬಿಟ್ಟು ಉಳಿದುದನ್ನು ನೆರಳಿಗೆ ಒಪ್ಪಿಸುತ್ತಿದ್ದಳು. ಕೂರುವವರು ಮೂರರಿಂದ ಏಳು ನಿಮಿಷಗಳವರೆಗೂ ಅಲುಗದೆ ಕೂರಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ಉಸಿರಾಟದ ಸಣ್ಣ ಚಲನೆಯೂ ಫಲಕಕ್ಕೆ ಇಳಿಯುತ್ತದೆ. ಆ ಚಿತ್ರಗಳಲ್ಲಿ ಉಸಿರಿದೆಯೆಂದು ನಮಗೆ ಅನಿಸುವುದಕ್ಕೆ ಇದೂ ಒಂದು ಕಾರಣ.

ನಮ್ಮೂರಿನ ಹಳೆಯ ಸ್ಟುಡಿಯೋದ ಯಜಮಾನರೊಬ್ಬರಿಗೆ ಈಕೆಯ ಕೆಲವು ಚಿತ್ರಗಳನ್ನು ತೋರಿಸಿದೆ. ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಸುಕ್ಕುಗಳನ್ನು ತಿದ್ದುವುದರಲ್ಲಿಯೂ ಕಪ್ಪುಬಿಳುಪು ಪ್ರಿಂಟಿಗೆ ಕೈಯಿಂದ ಬಣ್ಣ ಹಾಕುವುದರಲ್ಲಿಯೂ ಅರ್ಧ ಆಯುಷ್ಯ ಕಳೆದವರು ಅವರು. ಬಹಳ ಹೊತ್ತು ನೋಡಿ, ಇಂತಹ ಪ್ರಿಂಟನ್ನು ತಾವು ಗಿರಾಕಿಗೆ ಕೊಟ್ಟಿದ್ದರೆ ಹಿಂದಕ್ಕೆ ಎಸೆದುಹೋಗುತ್ತಿದ್ದರೆಂದೂ, ಆದರೂ ಇವನ್ನು ತಿದ್ದಲು ತಮಗೆ ಕೈ ಬರುವುದಿಲ್ಲವೆಂದೂ ಹೇಳಿದರು. ವೃತ್ತಿಯವರ ಟೀಕೆಗೂ ಮೆಚ್ಚಿಕೆಗೂ ಇರುವ ಅಂತರ ಇಷ್ಟೇ ಇರಬಹುದೆಂದು ನನಗೆ ಅಂದು ಹೊಳೆಯಿತು.

ಟೀಕೆಗೆ ಹೆದರಿ ಆಕೆ ಹಿಂಜರಿಯಲಿಲ್ಲ. 1865ರಲ್ಲಿ ಬರ್ಲಿನ್ನಿನಲ್ಲಿ ಕಂಚಿನ ಪದಕವೂ ಮರುವರ್ಷ ಚಿನ್ನದ ಪದಕವೂ ಬಂದವು. ಅದೇ 1865ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. 1868ರಲ್ಲಿ ಚಿತ್ರ ತೆಗೆಯಲು ಅಲ್ಲಿ ಎರಡು ಕೋಣೆಗಳನ್ನೇ ಬಿಟ್ಟುಕೊಟ್ಟರು. 1866ರಲ್ಲಿ ಇನ್ನೂ ದೊಡ್ಡ ಕ್ಯಾಮೆರಾವನ್ನು ತಂದಳು. 15 ಅಂಗುಲ ಉದ್ದ 12 ಅಂಗುಲ ಅಗಲದ ಗಾಜಿನ ಹಲಗೆಯನ್ನು ಹಿಡಿಯುವ ಯಂತ್ರವದು.

ಹರ್ಷೆಲನ ಚಿತ್ರವನ್ನು ತೆಗೆದದ್ದು 1867ರ ಏಪ್ರಿಲಿನಲ್ಲಿ. ಅದಕ್ಕಾಗಿ ಆ ಹಿರಿಯನ ತಲೆಯನ್ನು ತೊಳೆಸಿ, ಕೂದಲನ್ನು ಬೇಕೆಂದೇ ಕೆದರಿಸಿದಳೆಂದು ಹೇಳುತ್ತಾರೆ. ಅದೇ ವರ್ಷ ಕಾರ್ಲೈಲನ ಮುಖವನ್ನು ಒರಟು ಬಂಡೆಯಿಂದ ಅರ್ಧ ಕಡೆದ ಶಿಲ್ಪದಂತೆ ಹಿಡಿದಳು. ಡಾರ್ವಿನ್ 1868ರ ಬೇಸಗೆಯಲ್ಲಿ ಸಂಸಾರ ಸಮೇತ ಫ್ರೆಷ್‌ವಾಟರಿಗೆ ಬಂದು ಇಳಿದಾಗ ಅವನ ಚಿತ್ರವಾಯಿತು. ತನ್ನ ಚಿತ್ರಗಳೆಲ್ಲದರಲ್ಲಿ ಅದೇ ತನಗೆ ಮೆಚ್ಚಿಕೆಯೆಂದು ಅವನು ತಿಳಿಸಿದನು. ಆದರೆ ಹೆಸರುವಾಸಿಗಳಷ್ಟೇ ಆಕೆಗೆ ಬೇಕಾಗಿದ್ದರೆಂದು ತಿಳಿಯಬಾರದು. ಮನೆಗೆಲಸದ ಮೇರಿ ಹಿಲ್ಲಿಯರ್ ಎಂಬ ಹುಡುಗಿಗೆ ಶಾಲು ಹೊದಿಸಿ, ತೊಡೆಯ ಮೇಲೆ ಮಗುವನ್ನಿಟ್ಟು ಮಾತೆ ಮೇರಿಯನ್ನಾಗಿ ಮಾಡುತ್ತಿದ್ದಳು. ನೆರೆಹೊರೆಯ ಮಕ್ಕಳಿಗೆ ಹಂಸದ ರೆಕ್ಕೆ ಕಟ್ಟಿ ದೇವದೂತರನ್ನಾಗಿಸುತ್ತಿದ್ದಳು. ಇವುಗಳಲ್ಲಿ ಕೆಲವು ನಾಟಕದ ವೇಷಗಳಂತೆ ತೋರುವುದೂ ಉಂಟು. ಮುಖವೊಂದನ್ನೇ ನೋಡಿದಾಗಿನ ಆಳ, ಪೋಷಾಕು ಹೆಚ್ಚಾದಂತೆಲ್ಲ ಕಡಮೆಯಾಗುತ್ತದೆಂದು ನನ್ನ ಅನಿಸಿಕೆ.

ಭಿಕ್ಷುಕ ಹುಡುಗಿ ಮೇರಿ ರಯನಳ ಕಥೆಯನ್ನು ಹೇಳದೆ ಮುಂದುವರಿಯಲಾರೆ. ಅವಳೂ ಮನೆಯಲ್ಲಿ ಕೆಲಸ ಮಾಡುತ್ತ ಚಿತ್ರಗಳಿಗೆ ಕೂರುತ್ತಿದ್ದಳು. 1865ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಅವಳ ಚಿತ್ರವನ್ನು ಕಂಡ ಹೆನ್ರಿ ಕಾಟನ್ ಎಂಬ ತರುಣ ಮನಸೋತನು. 1867ರಲ್ಲಿ ಅವಳನ್ನು ವಿವಾಹವಾಗಿ ಭಾರತಕ್ಕೆ ಕರೆತಂದನು. ಸಿವಿಲ್ ಸರ್ವಿಸಿನಲ್ಲಿ ಮೇಲಕ್ಕೇರಿ ಅಸ್ಸಾಮಿನ ಚೀಫ್ ಕಮಿಷನರನಾಗಿ, ನಿವೃತ್ತನಾದ ಮೇಲೆ 1904ರ ಮುಂಬಯಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷನಾದ ಸರ್ ಹೆನ್ರಿ ಕಾಟನ್ ಇವನೇ. ಭಾರತೀಯರ ಪರವಾಗಿ ಧೈರ್ಯದಿಂದ ಮಾತನಾಡಿದ ಆಂಗ್ಲರಲ್ಲಿ ಒಬ್ಬನೆಂದು ನಾವು ಚರಿತ್ರೆಯಲ್ಲಿ ಓದುವವನ ಮನೆಯೊಡತಿಯನ್ನು ಅವನಿಗೆ ತೋರಿಸಿಕೊಟ್ಟದ್ದು ಕೋಳಿಮನೆಯ ಕ್ಯಾಮೆರಾ!

ಮತ್ತೊಂದು ಚಿತ್ರ ಮನಸ್ಸನ್ನು ಕಲಕುತ್ತದೆ. 1868ರಲ್ಲಿ ಬ್ರಿಟಿಷ್ ಸೈನ್ಯ ಇಥಿಯೋಪಿಯದ ಮೇಲೆ ದಂಡೆತ್ತಿ ಹೋಗಿ ಮಗ್ದಲಾ ಕೋಟೆಯನ್ನು ಹಿಡಿಯಿತು. ಸೋತ ದೊರೆ ಟಿವೋಡ್ರಸ್ ತನ್ನನ್ನು ತಾನೇ ಕೊಂದುಕೊಂಡನು. ಅವನ ಏಳು ವರ್ಷದ ಮಗ ಅಲೆಮಾಯೆಹು ತಾಯಿಯನ್ನೂ ಕಳೆದುಕೊಂಡು ಇಂಗ್ಲೆಂಡಿಗೆ ಬಂದಾಗ ಜೂಲಿಯಾ ಅವನ ಚಿತ್ರ ತೆಗೆದಳು. ರಾಜಕುಮಾರನ ಉಡುಪು ಮೈಮೇಲಿದೆ. ಕಣ್ಣುಗಳಲ್ಲಿ ಮಾತ್ರ ತಬ್ಬಲಿತನ ತುಂಬಿದೆ. ಗೆದ್ದವರ ದೇಶದವಳು ತೆಗೆದ ಚಿತ್ರವಾದರೂ ಅದನ್ನು ನೋಡಿದವರು ಗೆಲುವನ್ನು ಕುರಿತು ಹೆಮ್ಮೆಪಡಲಾರರು. ಆ ಹುಡುಗ ತಾಯ್ನಾಡನ್ನು ಮತ್ತೆ ಕಾಣದೆ 1879ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು.

ಜೂಲಿಯಾಳ ಈ ಹವ್ಯಾಸ ಬರಿಯ ಸಿರಿವಂತರ ವಿನೋದವಾಗಿರಲಿಲ್ಲ. ಕುಟುಂಬದ ಹಣವೆಲ್ಲ ಸಿಂಹಳದ ಕಾಫಿಯಲ್ಲಿತ್ತು. ಅಲ್ಲಿಂದ ಬರುವ ಆದಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. 1869ರಲ್ಲಿ ಸಿಂಹಳದ ತೋಟಗಳಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಕೊಡಗು, ಚಿಕ್ಕಮಗಳೂರು ಕಡೆಯ ನನ್ನ ಸಹಪಾಠಿಗಳಿಗೆ ಈ ರೋಗವನ್ನು ವಿವರಿಸಬೇಕಾಗಿಲ್ಲ. ಎಲೆಯಡಿಯ ಆ ಕಿತ್ತಳೆ ಬಣ್ಣದ ಪುಡಿ ಮುಂದಿನ ಒಂದೆರಡು ದಶಕಗಳಲ್ಲಿ ಸಿಂಹಳದ ಕಾಫಿಯನ್ನು ನುಂಗಿಹಾಕಿತು. ಆ ನೆಲಕ್ಕೆ ಚಹಾ ಬಂದಿತು. ಜೂಲಿಯಾ ಚಿತ್ರಗಳನ್ನು ಮಾರಿ ಮನೆಗೆ ನೆರವಾಗಬೇಕೆಂದು ಬಯಸಿದಳು. ಕೃತಿಸ್ವಾಮ್ಯಕ್ಕಾಗಿ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ದಾಖಲೆ ಮಾಡಿಸಿದಳು. ಆದರೆ ರಾಸಾಯನಿಕಗಳಿಗೂ ಗಾಜಿಗೂ ಕಾಗದಕ್ಕೂ ಆದ ಖರ್ಚು ಬಂದ ಹಣವನ್ನು ನುಂಗಿತು. ಕಂಡಕಂಡವರಿಗೆ ಉಚಿತವಾಗಿ ಹಂಚುವ ಕೈಗೆ ಲಾಭವೆಲ್ಲಿಂದ ಬರಬೇಕು?

1873ರಲ್ಲಿ, ಕ್ಯಾಮೆರಾ ಕೊಟ್ಟ ಮಗಳೇ ಬಾಣಂತಿತನದಲ್ಲಿ ತೀರಿಕೊಂಡಳು. ತಾಯಿಗೆ ಇದು ಸಿಡಿಲಿನ ಪೆಟ್ಟು. ಮರುವರ್ಷ ತನ್ನ ಗಾಜಿನ ಮನೆಯ ನೆನಪುಗಳನ್ನು ಬರೆಯತೊಡಗಿದಳು, ಅದು ಪೂರ್ಣವಾಗಲಿಲ್ಲ. ಅದೇ ಹೊತ್ತಿಗೆ ಟೆನಿಸನ್ ತನ್ನ ಆರ್ಥರ್ ದೊರೆಯ ಕಾವ್ಯಕ್ಕೆ ಚಿತ್ರಗಳನ್ನು ತೆಗೆದುಕೊಡಲು ಕೇಳಿದನು. ಗಂಡನಿಗೆ ಮಾಂತ್ರಿಕನ ವೇಷ ಹಾಕಿಸಿ, ನೆಂಟರಿಷ್ಟರನ್ನೂ ದಾರಿಹೋಕರನ್ನೂ ರಾಜರಾಣಿಯರನ್ನಾಗಿ ಮಾಡಿ, ನೂರಾರು ಫಲಕಗಳನ್ನು ಕೆಡಿಸಿ ಬೆರಳೆಣಿಕೆಯಷ್ಟನ್ನು ಆರಿಸಿದಳು. ಆದರೆ ಪ್ರಕಾಶಕರು ಅವುಗಳನ್ನು ಸಣ್ಣ ಮರದಚ್ಚುಗಳನ್ನಾಗಿ ಕುಗ್ಗಿಸಿ ಪುಸ್ತಕದಲ್ಲಿ ಸೇರಿಸಿದರು. ಇದನ್ನು ಕಂಡು ಮನನೊಂದರೂ ಆಕೆ ಕೈಕಟ್ಟಿ ಕೂರಲಿಲ್ಲ. ಮೂಲದ ದೊಡ್ಡ ಅಚ್ಚುಗಳನ್ನೇ ಪುಟಗಳಿಗೆ ಅಂಟಿಸಿ ತಾನೇ ಎರಡು ಸಂಪುಟಗಳನ್ನು 1874ರ ಕೊನೆಯಲ್ಲಿಯೂ 1875ರಲ್ಲಿಯೂ ಹೊರತಂದಳು. ಕೈಯಿಂದ ಮಾಡಿದ ಪುಸ್ತಕವೆಂದರೆ ಅದು.

1875ರ ಅಕ್ಟೋಬರಿನಲ್ಲಿ ದಂಪತಿಗಳು ಸಿಂಹಳಕ್ಕೆ ಹೊರಟರು. ಜೀವನ ಅಲ್ಲಿ ಅಗ್ಗ, ಗಂಡುಮಕ್ಕಳೂ ಅಲ್ಲಿದ್ದರು. ಮುದುಕ ಚಾರ್ಲ್ಸನಿಗೆ ಆ ದ್ವೀಪದ ಮೇಲೆ ಪ್ರಾಣ. ಸಾಮಾನಿನೊಂದಿಗೆ ಒಂದು ಹಸುವನ್ನೂ ಎರಡು ಶವಪೆಟ್ಟಿಗೆಗಳನ್ನೂ ಹಡಗಿಗೇರಿಸಿದರು. ಅಲ್ಲಿ ಒಳ್ಳೆಯ ಶವಪೆಟ್ಟಿಗೆ ಸಿಕ್ಕುವುದೋ ಇಲ್ಲವೋ ಎಂಬ ಮುಂದಾಲೋಚನೆ! ಸದ್ಯಕ್ಕೆ ಅವುಗಳೊಳಗೆ ಪಿಂಗಾಣಿ ಪಾತ್ರೆಗಳನ್ನೂ ಬಟ್ಟೆಗಳನ್ನೂ ತುಂಬಿದ್ದರು. ಕೂಲಿಗಳಿಗೆ ಇನಾಮು ಕೊಡಲು ಹಣವಿಲ್ಲದೆ ತನ್ನ ಚಿತ್ರಗಳನ್ನೇ ಕೊಟ್ಟಳೆಂದು ಹೇಳುತ್ತಾರೆ. ಅಂದು ಆ ಕೂಲಿಗಳು ಏನೆಂದುಕೊಂಡರೋ. ಇಂದು ಅಂತಹ ಒಂದು ಚಿತ್ರದ ಬೆಲೆ ಲಕ್ಷಗಟ್ಟಲೆ.

ಸಿಂಹಳದ ಸೆಖೆ, ಶುದ್ಧ ನೀರಿನ ಅಭಾವ, ರಾಸಾಯನಿಕಗಳ ಕೊರತೆಗಳ ನಡುವೆಯೂ ಆಕೆ ಕ್ಯಾಮೆರಾವನ್ನು ಬಿಡಲಿಲ್ಲ. ಅಲ್ಲಿ ತೆಗೆದವುಗಳಲ್ಲಿ ಮೂವತ್ತಕ್ಕೂ ಕಡಮೆ ಚಿತ್ರಗಳು ಉಳಿದಿವೆ. 1877ರಲ್ಲಿ ಕಲುತಾರಕ್ಕೆ ಬಂದ ಸಸ್ಯಚಿತ್ರಗಾರ್ತಿ ಮೇರಿಯನ್ ನಾರ್ತಳ ಚಿತ್ರ ಅವುಗಳಲ್ಲಿ ಒಂದು. ಮಿಕ್ಕವುಗಳಲ್ಲಿ ಬಹುಪಾಲು ಅಲ್ಲಿನ ಹಳ್ಳಿಗರದೂ ಕೂಲಿಯಾಳುಗಳದೂ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇಂಗ್ಲೆಂಡಿನ ಮಹಾಪುರುಷರ ಚಿತ್ರಗಳ ಕೆಳಗೆಲ್ಲ ಅವರವರ ಹೆಸರಿದೆ. ಸಿಂಹಳದ ಈ ಹೆಂಗಸರ, ಹುಡುಗರ ಹೆಸರುಗಳು ನಮಗೆ ದೊರೆತಿಲ್ಲ. ತಮಿಳು ನಾಡಿನಿಂದ ಹೋದ ಕೂಲಿಗಳ ಬೆವರಿನಿಂದ ಬೆಳೆದ ಕಾಫಿಯ ಹಣವೇ ಆ ಗಾಜಿನ ಹಲಗೆಗಳನ್ನು ಕೊಂಡದ್ದು. ಕಲೆಯನ್ನು ಮೆಚ್ಚುವಾಗ ಈ ಲೆಕ್ಕವನ್ನು ಮರೆಯುವುದು ಚರಿತ್ರೆಯ ವಿದ್ಯಾರ್ಥಿಗೆ ಒಪ್ಪುವುದಿಲ್ಲ. ಆದರೂ ಆ ಹೆಸರಿಲ್ಲದ ಮುಖಗಳಲ್ಲಿರುವ ಗಾಂಭೀರ್ಯ ಕಾರ್ಲೈಲನ ಮುಖದಲ್ಲಿರುವುದಕ್ಕಿಂತ ಕಡಮೆಯಿಲ್ಲ. ಅವರ ಹೆಸರುಗಳು ನಮಗೆ ಉಳಿದುಬರಲಿಲ್ಲವಾದರೂ ಆಕೆಯ ಕಣ್ಣು ಅವರನ್ನು ಕೀಳಾಗಿ ಕಾಣಲಿಲ್ಲ.

1879ರ ಜನವರಿ 26ರಂದು ದಿಕೋಯಾ ಕಣಿವೆಯ ಗ್ಲೆನ್‌ಕೈರ್ನ್ ತೋಟದಲ್ಲಿ, ಶೀತಬಾಧೆಯಿಂದ ಕೆಲವೇ ದಿನ ನರಳಿ ಜೂಲಿಯಾ ಕಣ್ಮುಚ್ಚಿದಳು. ಬೊಗವಂತಲಾವದ ಪುಟ್ಟ ಚರ್ಚಿನ ಅಂಗಳದಲ್ಲಿ ಸಮಾಧಿಯಾಯಿತು. ಮರುವರ್ಷ ಚಾರ್ಲ್ಸನೂ ತೀರಿಕೊಂಡನು.

ಅನಂತರ ಕೆಲವು ಕಾಲ ಲೋಕ ಆಕೆಯನ್ನು ಮರೆತಂತೆಯೇ ಇತ್ತು. ಸೋದರ ಸೊಸೆ ಜೂಲಿಯಾ ಜಾಕ್ಸನಳ ಮಗಳಾದ ಪ್ರಸಿದ್ಧ ಲೇಖಕಿ ವರ್ಜೀನಿಯಾ ವುಲ್ಫ್, ರೋಜರ್ ಫ್ರೈಯೊಡನೆ ಸೇರಿ 1926ರಲ್ಲಿ ಆಕೆಯ ಚಿತ್ರಗಳ ಪುಸ್ತಕವನ್ನು ಪ್ರಕಟಿಸಿದಳು. ಅಲ್ಲಿಂದ ಕೀರ್ತಿ ಮತ್ತೆ ಚಿಗುರಿತು. ಕೆಡವುವ ಅಪಾಯದಲ್ಲಿದ್ದ ಡಿಂಬೋಲಾ ಮನೆಯನ್ನು 1993ರಲ್ಲಿ ಆಕೆಯ ಹೆಸರಿನಲ್ಲಿ ರಚಿತವಾದ ಸಂಸ್ಥೆಯೊಂದು ಕಾಪಾಡಿತು. 2003ರಲ್ಲಿ ಸಿದ್ಧವಾದ ಸಮಗ್ರ ಪಟ್ಟಿಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ವೃತ್ತಿಗಾರರು ಹೀಯಾಳಿಸಿದ ಗೀರುಗಳನ್ನೂ ಬೆರಳಚ್ಚುಗಳನ್ನೂ ಮ್ಯೂಸಿಯಮಿನವರು ಇಂದು ಅಳಿಸದೆ ಕಾಪಾಡುತ್ತಿದ್ದಾರೆ. ಅವು ಆಕೆಯ ಕೈ ಅಲ್ಲಿತ್ತೆಂಬುದಕ್ಕೆ ಸಾಕ್ಷಿ.

ಈ ಜೀವನದಿಂದ ನಮ್ಮಂತಹ ವಿದ್ಯಾರ್ಥಿಗಳು ತಿಳಿಯಬೇಕಾದದ್ದೇನು? ಪರೀಕ್ಷೆ, ಅಂಕ, ನೌಕರಿ ಇವುಗಳ ಚಿಂತೆಯಲ್ಲಿ ಕೈಯಿಂದ ಏನನ್ನಾದರೂ ಮಾಡುವ ಅಭ್ಯಾಸವನ್ನು ನಾವು ಕಳೆದುಕೊಳ್ಳುತ್ತಿದ್ದೇವೆ. ಮಾಡಿದ್ದು ಒಪ್ಪವಾಗಿರದಿದ್ದರೆ ನಾಲ್ಕು ಜನ ನಗುತ್ತಾರೆಂಬ ಭಯ ಬೇರೆ. ಜೂಲಿಯಾಳಿಗೆ ನಗುವವರ ಕೊರತೆಯಿರಲಿಲ್ಲ. ಆಕೆಗೆ ನಗುವವರಿಗಿಂತ ಮುಂದಿನ ಫಲಕ ಮುಖ್ಯವಾಗಿತ್ತು. ಕುಂಚವಾಗಲಿ, ಜೇಡಿಮಣ್ಣಾಗಲಿ, ರಂಗೋಲಿಯ ಪುಡಿಯಾಗಲಿ, ಕ್ಯಾಮೆರಾವಾಗಲಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಮಾಡತೊಡಗಿದರೆ ಹೊತ್ತು ಹೋದದ್ದೂ ತಿಳಿಯದಂತಹ ಒಂದು ಸುಖ ಪ್ರತಿಯೊಬ್ಬರಿಗೂ ಕಾದಿರುತ್ತದೆ. ಅದಕ್ಕೆ ದೊಡ್ಡ ಶಾಲೆ ಬೇಕಿಲ್ಲ, ಎಳೆಯ ವಯಸ್ಸೂ ಬೇಕಿಲ್ಲ. ಮನೆಯ ಹಿತ್ತಲಲ್ಲಿ ಬಿಸಿಲು ಬೀಳುವ ಒಂದು ಮೂಲೆಯಿದ್ದರೆ ಸಾಕು.